ಓಂಕಾರಯ್ಯನ ಇಂಡಿಕೇಟರ್ ರಿಪೇರಿ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಬೈಯುವುದು ಕೊಡೆ ಸರ್ಕಲ್ಲನ್ನು. ಎದುರಿನ ಕಾರು ಎಡಕ್ಕೆ ದೀಪ ಹಾಕಿಕೊಂಡು ಬಲಕ್ಕೆ ತಿರುಗುತ್ತದೆ, ಹಿಂದಿನ ಜೀಪು ಬಲಕ್ಕೆ ಮಿಣಮಿಣ ಎನ್ನುತ್ತಾ ನೇರ ಹೋಗುತ್ತದೆ. ಬಂದವರು ತಲೆ ಮೇಲೆ ಕೈ ಹೊತ್ತುಕೊಂಡು ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, "ಏನ್ರೀ ಇದು, ಊರಲ್ಲಿ ಒಂದು ಇಂಡಿಕೇಟರ್ರೂ ನೆಟ್ಟಗಿಲ್ವಲ್ರೀ!" ಎನ್ನುತ್ತಾರೆ. ನಾನು ಅವರಿಗೆ ಒಂದು ಸ್ಟೂಲು ಕೊಟ್ಟು, "ಕಿಟಕಿಯಿಂದ ಚಾಚಿರೋ ಕೈ ನೋಡ್ರಿ, ದೀಪ ನೋಡ್ಬೇಡಿ. ಕೈ ಹೇಳೋದು ಗಾಡಿ ಎಲ್ಲಿಗೆ ಹೋಗುತ್ತೆ ಅಂತ. ದೀಪ ಹೇಳೋದು ಓಡ್ಸೋರ ಮನಸ್ಸು ಎಲ್ಲಿದೆ ಅಂತ" ಎನ್ನುತ್ತೇನೆ. ಕೆಲವರು ನಗುತ್ತಾರೆ. ನಕ್ಕವರೇ ಹೊರಟಾಗ ಅವರ ಗಾಡಿಯ ದೀಪ ದೋಸೆ ಹೋಟೆಲಿನ ಕಡೆ ಮಿನುಗುತ್ತಿರುತ್ತದೆ.

ನನ್ನ ಹೆಸರು ಮರುಳಯ್ಯ. ಕೊಡೆ ಸರ್ಕಲ್ಲಿನ ಮೂಲೆಯಲ್ಲಿ ಗಾಡಿಗಳ ವೈರಿಂಗ್ ಕೆಲಸದ ಅಂಗಡಿ ಇಟ್ಟಿದ್ದೇನೆ. ಸರ್ಕಲ್ಲಿನ ನಡುವೆ ಯಾವ ಕಾಲದಲ್ಲೋ ಕಟ್ಟಿಸಿದ ಸಿಮೆಂಟಿನ ದೊಡ್ಡ ಕೊಡೆ ಇದೆ, ಅದಕ್ಕೇ ಆ ಹೆಸರು. ಲೈಸೆನ್ಸ್ ಆಫೀಸಿನ ಕಡೆಯಿಂದ ಬಂದರೆ ಎಡಕ್ಕೆ ಕೆಳಗಿನ ಬೀದಿ, ಬಲಕ್ಕೆ ಸಂತೆ ಬೀದಿ, ಕೊಡೆಯನ್ನು ಬಳಸಿ ನೇರ ಹೋದರೆ ಆಸ್ಪತ್ರೆ ರಸ್ತೆ. ಈ ಮೂಲೆಯಲ್ಲಿ ಕೂತರೆ ಊರಿನ ಮನಸ್ಸೆಲ್ಲ ಕಾಣುತ್ತದೆ. ಸಕ್ಕರೆ ಕಾಯಿಲೆಯ ತಹಶೀಲ್ದಾರರು ಬಲಕ್ಕೆ ಕೈ ಚಾಚುತ್ತಾರೆ, ದೀಪ ಮಾತ್ರ ಎಡಗಡೆಯ ಜಿಲೇಬಿ ಅಂಗಡಿಯನ್ನು ಕರೆಯುತ್ತಿರುತ್ತದೆ. ಎರಡು ಮನಸ್ಸಿನವರಿಗೆ ಎರಡೂ ಕಡೆ ಹತ್ತಿಕೊಳ್ಳುತ್ತದೆ. ಬೇಕಾದದ್ದು ಮೂಗಿನ ನೇರಕ್ಕೇ ನಿಂತಿದ್ದರೂ ಅಷ್ಟೇ. ಬಿಸಿ ಕಡಲೆಕಾಯಿ ಗಾಡಿ ರಸ್ತೆ ನಡುವೆ ಬಂತೆಂದರೆ ಸಾಲಾಗಿ ನಿಂತ ಕಾರುಗಳೆಲ್ಲ ಎರಡೂ ಕಣ್ಣು ಮಿಟುಕಿಸುತ್ತವೆ. ನಾಚಿಕೆಗೆ ದೀಪಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡುವವರೂ ಇದ್ದಾರೆ, ಪೊಲೀಸರು ಬಿಚ್ಚಿಸಿ ದಂಡ ಹಾಕುತ್ತಾರೆ. ನನ್ನದು ಸೈಕಲ್ಲು. ಅದಕ್ಕೆ ದೀಪವೇ ಇಲ್ಲದ್ದರಿಂದ ನನ್ನ ಮನಸ್ಸು ಇವತ್ತಿನವರೆಗೂ ಗುಟ್ಟಾಗಿಯೇ ಉಳಿದಿದೆ.

ಆದರೆ ನನಗೆ ಪಿತ್ತ ನೆತ್ತಿಗೇರುವುದು ಯಾವಾಗ ಗೊತ್ತೇ? ಈ ಜನ ಎಲ್ಲದಕ್ಕೂ ಮನಸ್ಸೇ ಕಾರಣ ಎಂದಾಗ. ಅಯ್ಯಾ, ಇಂಡಿಕೇಟರ್ ಎಂದರೆ ಒಂದು ಯಂತ್ರ. ಬ್ಯಾಟರಿಯಿಂದ ಕರೆಂಟು ಹೊರಟು, ಫ್ಯೂಸು ದಾಟಿ, ರಿಲೇ ಎಂಬ ಪುಟ್ಟ ಡಬ್ಬಿಗೆ ಬರುತ್ತದೆ. ಹಳೆಯ ಡಬ್ಬಿಯೊಳಗೆ ಒಂದು ತೆಳು ಪಟ್ಟಿ. ಕರೆಂಟು ಹರಿದರೆ ಅದು ಬಿಸಿಯಾಗಿ ಬಾಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾಗಿ ಮತ್ತೆ ಕೂಡಿಕೊಳ್ಳುತ್ತದೆ. ಟಿಕ್, ಟಿಕ್ ಎನ್ನುವುದು ಅದೇ. ಅಲ್ಲಿಂದ ಬಲ್ಬಿಗೆ, ಬಲ್ಬಿನಿಂದ ಗಾಡಿಯ ಮೈಗೆ, ಅದೇ ಅರ್ತಿಂಗು. ಒಂದು ಬಲ್ಬು ಹೋದರೆ ಉಳಿದದ್ದು ಅವಸರ ಬಿದ್ದು ಮಿಣಮಿಣ ಮಿಣುಕುತ್ತದೆ. ಅರ್ತಿಂಗಿಗೆ ತುಕ್ಕು ಹಿಡಿದರೆ ದೀಪ ಮಂಕಾಗುತ್ತದೆ, ಒಮ್ಮೊಮ್ಮೆ ಸಂಬಂಧವಿಲ್ಲದ ಇನ್ನೊಂದು ದೀಪ ಹತ್ತುತ್ತದೆ. ಹೋದ ವರ್ಷ ನೋಡಿ, ಗಿರಣಿ ಷಡಕ್ಷರಿಯ ಕಾರು ಕೆಳಗಿನ ಬೀದಿಯ ಕಡೆ ವಿಪರೀತ ವೇಗವಾಗಿ ಮಿನುಗಿತೆಂದು ಅವನ ಹೆಂಡತಿ ತವರಿಗೆ ಹೊರಟು ನಿಂತಿದ್ದಳು. ನಾನು ಹಿಂದಿನ ಬಲ್ಬು ಬದಲಿಸಿದೆ, ಸಂಸಾರ ಉಳಿಯಿತು. ಅಂದಿನಿಂದ ನನ್ನದೊಂದೇ ಹಟ: ಮೊದಲು ವೈರು ನೋಡಿ, ಆಮೇಲೆ ಮನಸ್ಸು.

ಈ ಹಟವೇ ಓಂಕಾರಯ್ಯನ ವಿಷಯದಲ್ಲಿ ನನ್ನನ್ನು ಮಂಗ ಮಾಡಿತು.

ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನಮ್ಮಕ್ಕ ವಿಶಾಲಾಕ್ಷಿ. ಅಕ್ಕ ಕೆಳಗಿನ ಬೀದಿಯಲ್ಲಿ, ಮನೆಯ ಮುಂಭಾಗದಲ್ಲೇ, ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಮದುವೆ ಆಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಕ್ಲಚ್ಚು ಬ್ರೇಕು ಗೊತ್ತಿಲ್ದೋರಿಗೆ ಕಲಿಸೋದ್ರಲ್ಲೇ ಟೈಮ್ ಹೋಯ್ತು ಕಣ್ರೀ" ಎಂದು ಗಹಗಹಿಸಿ ನಗುತ್ತಾಳೆ. ಅವಳ ದೀಪ ಒಂದು ದಿನವೂ ಕೈ ತೋರಿಸಿದ ಕಡೆ ಬಿಟ್ಟು ಬೇರೆ ಕಡೆ ಮಿನುಗಿದ್ದಿಲ್ಲ. ಊರವರು ಅದನ್ನು ಒಂದು ಪವಾಡದಂತೆ ಹೇಳಿಕೊಳ್ಳುತ್ತಾರೆ. ಹೋಗಬೇಕಾದ ಕಡೆಯೇ ಹೋಗಬೇಕು ಎನಿಸುವ ಮನುಷ್ಯರು ಎಷ್ಟು ಜನ ಇರುತ್ತಾರೆ ಹೇಳಿ?

ನಮ್ಮೂರಿನ ಲೈಸೆನ್ಸು ಪರೀಕ್ಷೆ ಬೇರೆ ಊರುಗಳಂತಲ್ಲ. ಕೊಡೆ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಬೇಕು. ಕೈ ಬಲಕ್ಕಿರಬೇಕು, ದೀಪವೂ ಬಲಕ್ಕೇ ಇರಬೇಕು. ಗಾಡಿ ಓಡಿಸುವಾಗಲಾದರೂ ಮನಸ್ಸನ್ನು ಹಾದಿಯ ಮೇಲೆ ಇಡಬಲ್ಲ ಎಂದು ತೋರಿಸಿದರೆ ಪಾಸು. ಅದಕ್ಕೇ ಅಕ್ಕ ಕಲಿಸುವುದು ಬರೀ ಸ್ಟೀರಿಂಗು ತಿರುಗಿಸುವುದನ್ನಲ್ಲ, ಆಸೆಪಡುವುದನ್ನು. "ತಿರುಗೋ ಕಡೆ ಒಂದು ಆಸೆ ಇಟ್ಕೊಳ್ರಿ" ಎನ್ನುತ್ತಾಳೆ. ಸಂತೆ ಬೀದಿಯಲ್ಲಿ ಒಬ್ಬರಿಗೆ ಮಾವಿನಹಣ್ಣು ಇಷ್ಟ, ಇನ್ನೊಬ್ಬರಿಗೆ ಅಲ್ಲಿಯ ಬಳೆ ಅಂಗಡಿ ಇಷ್ಟ. ಅದನ್ನು ನೆನೆಸಿಕೊಂಡು ಸ್ಟೀರಿಂಗಿನ ಪಕ್ಕದ ಇಂಡಿಕೇಟರ್ ಕಡ್ಡಿ ಒತ್ತಿದರೆ ದೀಪ ಬಲಕ್ಕೆ ಹತ್ತುತ್ತದೆ. ಹೀಗೆ ಕಲಿತ ಅವಳ ಶಿಷ್ಯರು ಯಾರೂ ಫೇಲಾದದ್ದಿಲ್ಲ.

ಆದದ್ದು ಓಂಕಾರಯ್ಯನೊಬ್ಬನೇ.

ಓಂಕಾರಯ್ಯ ಕೆಳಗಿನ ಬೀದಿಯ ತುದಿಯಲ್ಲಿ ಬೇಕರಿ ನಡೆಸುವವನು. ಐವತ್ತು ದಾಟಿದ, ಹೆಂಡತಿ ತೀರಿಕೊಂಡು ವರ್ಷಗಳಾದ, ಮಾತು ಕಡಿಮೆಯ ಮನುಷ್ಯ. ಅವನ ಬನ್ನು ಇಲ್ಲದೆ ಆಸ್ಪತ್ರೆಯ ರೋಗಿಗಳಿಗೂ ಬೆಳಗಾಗುವುದಿಲ್ಲ. ಬನ್ನಿನ ವ್ಯಾನು ಓಡಿಸುತ್ತಿದ್ದ ಬಾಬಣ್ಣ ವಯಸ್ಸಾಯಿತೆಂದು ಕೆಲಸ ಬಿಟ್ಟ. ಆಮೇಲೆ ಬಂದ ಡ್ರೈವರುಗಳೆಲ್ಲ ದಾರಿಯಲ್ಲೇ ಅರ್ಧ ಬನ್ನು ಮುಗಿಸುವವರು. ಹಾಗಾಗಿ ತಾನೇ ಕಲಿಯೋಣವೆಂದು ಅಕ್ಕನ ಹತ್ತಿರ ಸೇರಿಕೊಂಡ. ಮೊದಲ ಪರೀಕ್ಷೆಯಲ್ಲಿ ಕೈ ಬಲಕ್ಕೆ ಹೋಯಿತು, ದೀಪ ಎಡಕ್ಕೆ. ಪರೀಕ್ಷೆ ಮಾಡುವ ಜಯಶೀಲ ಸಾಹೇಬರು, "ಒಲೆಯಲ್ಲಿ ಬನ್ನು ಬಿಟ್ಟು ಬಂದಿದ್ದೀರಾ ಸ್ವಾಮಿ?" ಎಂದು ಕೇಳಿ ಫೇಲು ಮಾಡಿದರು. ಎರಡನೇ ಸಲ ಓಂಕಾರಯ್ಯ ಹಿಟ್ಟೇ ಕಲಸಲಿಲ್ಲ, ಒಲೆ ಹಚ್ಚಲಿಲ್ಲ, ಬೇಕರಿಗೆ ಬೀಗ ಜಡಿದು ಬಂದ. ಮತ್ತೆ ಎಡಕ್ಕೇ ಹತ್ತಿತು. ಮೂರನೇ ಸಲ ತಪ್ಪಿದವರಿಗೆ ಮತ್ತೆ ಪರೀಕ್ಷೆ ಇಲ್ಲ, ಅದು ನಮ್ಮೂರಿನ ಕಾನೂನು. "ಈ ಸಲವೂ ಹೋದ್ರೆ ಬೇಕರಿ ಮುಚ್ಚಿ ತಮ್ಮನ ಊರಿಗೆ ಹೋಗ್ಬಿಡ್ತೀನಿ. ಅಲ್ಲಿ ಜನ ಅಂಗಡಿಗೇ ಬಂದು ತಗೊಂಡು ಹೋಗ್ತಾರೆ" ಎಂದ ಓಂಕಾರಯ್ಯ.

ಆ ದಿನ ಅಕ್ಕನ ಕೋಪ ನೋಡಬೇಕಿತ್ತು. ಸಾರಿನ ಸೌಟನ್ನು ಪಾತ್ರೆಗೆ ಢಣ್ ಎಂದು ಬಡಿದು, "ಹೋಗ್ತಾರಂತೆ! ಹೋಗ್ಲಿ ಬಿಡು! ನಂಗೇನು?" ಎಂದಳು. ಎರಡು ನಿಮಿಷ ಬಿಟ್ಟು ಮತ್ತೆ, "ಲೋ ಮರುಳ, ನಮ್ಮ ಸ್ಕೂಲಿನ ಕಾರಿನ ವೈರಿಂಗ್ ಒಂದ್ಸಲ ಪೂರ್ತಿ ನೋಡೋ. ನನ್ನ ಸ್ಟೂಡೆಂಟು ಫೇಲಾದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದಳು. ಸಿಹಿ ಎಂದರೆ ಮೂಗು ಮುರಿಯುವ ಅಕ್ಕ ಕೆಲವು ತಿಂಗಳಿಂದ ದಿನಾ ಸಂಜೆ ಬನ್ನು ತಂದು ತಿನ್ನುತ್ತಿದ್ದಳು. ಅದನ್ನಾದರೂ ನೋಡಿ ನನಗೆ ಬುದ್ಧಿ ಬರಬೇಕಿತ್ತು. ನಾನು ಟೆಸ್ಟರು ಹಿಡಿದು ಹೊರಟೆ.

ಕಾರನ್ನು ಅಂಗಡಿಗೆ ತಂದು ರಿಲೇ ಹೊಸದು ಹಾಕಿದೆ. ಬಲ್ಬು ಬದಲಿಸಿದೆ. ಅರ್ತಿಂಗಿನ ತಂತಿ ಕಳಚಿ ಉಪ್ಪುಕಾಗದದಿಂದ ಫಳಫಳ ಉಜ್ಜಿದೆ. ಆಮೇಲೆ ಪರೀಕ್ಷೆ. ಅಕ್ಕ ಪಕ್ಕದಲ್ಲಿ ಕೂತು ಓಂಕಾರಯ್ಯ ಓಡಿಸಿದರೆ ದೀಪ ಅಚ್ಚುಕಟ್ಟು, ಬಲ ಎಂದರೆ ಬಲ, ಎಡ ಎಂದರೆ ಎಡ. ಅಕ್ಕ ಇಳಿದು ನಾನು ಕೂತರೆ ಕೆಟ್ಟಿತು. ಮತ್ತೆ ಅಕ್ಕ ಕೂತರೆ ಸರಿ. ಜಯಶೀಲ ಸಾಹೇಬರು ಕೂತಾಗ ಕೆಟ್ಟದ್ದು ಊರಿಗೇ ಗೊತ್ತು. ನಾನು ಚಿಟಿಕೆ ಹೊಡೆದೆ. "ಸಿಕ್ತು! ಸಾಹೇಬ್ರೂ ದಪ್ಪ, ನಾನೂ ದಪ್ಪ. ಅಕ್ಕ ಹಗೂರ. ಭಾರ ಬಿದ್ರೆ ಸೀಟಿನ ಕೆಳಗೆ ಎಲ್ಲೋ ವೈರು ತಾಗ್ತಿದೆ!" ಓಂಕಾರಯ್ಯ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ನಾನು ಸೀಟು ಕಿತ್ತೆ, ನೆಲಹಾಸು ಎಬ್ಬಿಸಿದೆ, ಯಾರ್ಯಾರೋ ಶಿಷ್ಯರು ಬೀಳಿಸಿಕೊಂಡಿದ್ದ ಅಡಿಕೆ, ಹೇರ್‌ಪಿನ್ನು, ಒಂದು ಕಿವಿಯೋಲೆ ಎಲ್ಲ ಸಿಕ್ಕವು. ಕೆಟ್ಟ ವೈರು ಸಿಗಲಿಲ್ಲ. ಸಿಗದಷ್ಟೂ ನನ್ನ ಹುರುಪು ಹೆಚ್ಚಾಯಿತು. ವೈರಿನ ಮೇಲೆ ಹೊಸ ಟೇಪು ಸುತ್ತಿದೆ, ಸೀಟಿಗೆ ಮರದ ಹಲಗೆ ಕೊಟ್ಟೆ. "ಈಗ ಆನೆ ಕೂತ್ರೂ ಏನೂ ಆಗಲ್ಲ" ಎಂದು ಓಂಕಾರಯ್ಯನನ್ನು ಸ್ಟೀರಿಂಗಿಗೆ ಕೂರಿಸಿದೆ.

ಪರೀಕ್ಷೆಯ ಹಿಂದಿನ ದಿನ, ಸಂಜೆ ಬಿಸಿಲು. ಲೈಸೆನ್ಸ್ ಆಫೀಸಿನ ಕಡೆಯಿಂದ ಸರ್ಕಲ್ಲಿಗೆ ಬಂದು ನಿಂತೆವು. "ಎಡಕ್ಕೆ ತಗೊಳ್ರಿ, ಮನೆಗೆ ಹೋಗೋಣ" ಎಂದೆ. ಓಂಕಾರಯ್ಯ ಎಡಕ್ಕೆ ಕಡ್ಡಿ ಒತ್ತಿದ. ಟಿಕ್, ಟಿಕ್, ಬಲಕ್ಕೆ! ಇಷ್ಟು ದಿನ ಎಡ ಎಡ ಎನ್ನುತ್ತಿದ್ದ ದೀಪ ಈಗ ಬಲಕ್ಕೆ ಹತ್ತಿದೆ. "ಅಯ್ಯೋ ನನ್ನ ಕರ್ಮವೇ, ವೈರು ಅದಲುಬದಲು ಕೊಟ್ಟುಬಿಟ್ನಾ?" ಎಂದು ನಾನು ಡ್ಯಾಶ್‌ಬೋರ್ಡಿನ ಹಸಿರು ಬಾಣವನ್ನೇ ನೋಡುತ್ತಿದ್ದೇನೆ, ಅದು ತಾನಾಗಿ ಬಲದಲ್ಲಿ ಆರಿತು. ಎರಡೂ ಬಾಣ ಹತ್ತಿದವು. ಆಮೇಲೆ ಎಡ ಮಾತ್ರ. ಓಂಕಾರಯ್ಯ ಕಡ್ಡಿ ಮುಟ್ಟಿಯೇ ಇಲ್ಲ. ತಲೆ ಎತ್ತಿ ನೋಡಿದೆ. ಸಂತೆ ಬೀದಿಯಿಂದ ಬದನೆಕಾಯಿ ಚೀಲ ಹಿಡಿದ ಅಕ್ಕ ನಮ್ಮ ಕಾರಿನ ಮುಂದೆಯೇ ರಸ್ತೆ ದಾಟಿ ಕೆಳಗಿನ ಬೀದಿಯ ಕಡೆ ನಡೆದು ಹೋಗುತ್ತಿದ್ದಳು. ನಮ್ಮನ್ನು ಅವಳು ನೋಡಲಿಲ್ಲ, ಸೊಪ್ಪಿನವಳಿಗೆ ಏನೋ ಹೇಳಿ ನಗುತ್ತಿದ್ದಳು.

ನಾನು ಹಣೆ ಚಚ್ಚಿಕೊಂಡೆ. ಹಿಂದಿನ ಎರಡು ಪರೀಕ್ಷೆಗಳಲ್ಲೂ ಅಕ್ಕ ನಿಯಮದಂತೆ ಕಾರಿನಿಂದ ಇಳಿದು ಕೆಳಗಿನ ಬೀದಿಯ ಸ್ಕೂಲಿನಲ್ಲಿ ಕಾಯುತ್ತಿದ್ದಳು. ಎಡಕ್ಕೆ. ಪಕ್ಕದಲ್ಲೇ ಕೂತಿದ್ದರೆ ಓಂಕಾರಯ್ಯನ ಮನಸ್ಸು ಬೇರೆಲ್ಲಿಗೆ ಹೋಗಬೇಕು?

"ಓಂಕಾರಯ್ಯನೋರೇ, ಇದು ವೈರಿಂದಲ್ಲ" ಎಂದೆ.

ಆತನ ಮುಖ ಕೆಂಪಾಗಿ ಹೋಗಿತ್ತು. "ನಿಮ್ಮ ಕಾಲಿಗೆ ಬೀಳ್ತೀನಿ ಮರುಳಯ್ಯ, ಯಾರಿಗೂ ಹೇಳ್ಬೇಡಿ."

"ನಿಮಗೆ ಗೊತ್ತಿತ್ತಾ?"

"ಎರಡನೇ ಸಲ ಫೇಲಾದಾಗ್ಲೇ ಗೊತ್ತಾಯ್ತು."

"ಮತ್ತೆ ಇಷ್ಟು ದಿನ ನನ್ನ ಕೈಲಿ ಸೀಟಿನ ಕೆಳಗೆ ಹೆಗ್ಗಣದ ಥರ ಕೆದಕಿಸಿದ್ರಲ್ರೀ!"

"ನೀವು ಅಷ್ಟು ಖುಷಿಯಿಂದ ಹುಡುಕ್ತಿದ್ರಿ. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ" ಎಂದ ಆ ಪುಣ್ಯಾತ್ಮ.

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೇ ಯಾಕೆ ಹೇಳಬಾರದು ಎಂದು ಕೇಳಿದೆ. "ಅವರು ಕಲಿಸೋ ಮೇಡಂ. ಫೇಲಾದೋನು ಯಾವ ಮುಖ ಇಟ್ಕೊಂಡು ಕೇಳ್ಲಿ? ಪಾಸಾದ ಮೇಲೆ ಕೇಳೋಣ ಅನ್ಕೊಂಡಿದ್ದೆ" ಎಂದ. ಪಾಸಾಗದೆ ಕೇಳುವುದಿಲ್ಲ, ಕೇಳದೆ ಪಾಸಾಗುವುದಿಲ್ಲ! ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಂಥ ಶಾರ್ಟ್ ಸರ್ಕ್ಯೂಟನ್ನು ನಾನು ಕಂಡಿರಲಿಲ್ಲ. "ಅಕ್ಕ ಬಲಕ್ಕೆ ತಿರುಗೋಕೆ ಏನು ನೆನೆಸ್ಕೊಳ್ಳಿ ಅಂದಿದ್ಲು?" ಎಂದೆ. "ಬದನೆಕಾಯಿ ಎಣ್ಣೆಗಾಯಿ" ಎಂದ. "ನೆನೆಸ್ಕೊಂಡೆ ಕಣ್ರೀ. ಅದನ್ನ ನೆನೆಸ್ಕೊಂಡ್ರೂ ಅವರ ಮನೆಯಿಂದ ಬರೋ ವಾಸನೆನೇ ನೆನಪಾಗುತ್ತೆ. ಮನೆ ಎಡಕ್ಕಲ್ವಾ?"

ಆದರೆ ನಾನು ರಿಪೇರಿ ಮಾಡುವವನು, ಸುಮ್ಮನಿರುವವನಲ್ಲ. ದೀಪ ಅಕ್ಕನಿದ್ದ ಕಡೆ ಹತ್ತುತ್ತದೆ ಎಂದರೆ ಅಕ್ಕನನ್ನೇ ಬಲಕ್ಕೆ ಕಳಿಸಿದರಾಯಿತಲ್ಲ! ಮರುದಿನ ಬೆಳಿಗ್ಗೆ ಅಕ್ಕನಿಗೆ, "ಇವತ್ತು ಮಧ್ಯಾಹ್ನ ಸಂತೆ ಬೀದಿಯಿಂದ ಒಳ್ಳೇ ವೀಳ್ಯದೆಲೆ ತಗೊಂಡು ಬಾರಕ್ಕ, ಆರಿಸಿ ಆರಿಸಿ ತಗೋ, ನಿಧಾನಕ್ಕೆ ಬಾ" ಎಂದೆ. ನಮ್ಮ ಮನೆಯಲ್ಲಿ ಎಲೆ ಹಾಕುವವರು ಯಾರೂ ಇಲ್ಲ. ಅಕ್ಕನ ಮನಸ್ಸು ಪರೀಕ್ಷೆಯ ಮೇಲಿತ್ತೋ ಏನೋ, "ಹೂಂ" ಎಂದು ಹೊತ್ತಿಗೆ ಸರಿಯಾಗಿ ಚೀಲ ಹಿಡಿದು ಹೊರಟಳು. ನಾನು ಮೀಸೆಯಡಿಯಲ್ಲೇ ನಕ್ಕು ಅಂಗಡಿ ಬಾಗಿಲಲ್ಲಿ ನಿಂತುಕೊಂಡೆ.

ಹೇಳಿದ ಹೊತ್ತಿಗೆ ಕಾರು ಬಂತು. ಸ್ಟೀರಿಂಗಿನಲ್ಲಿ ಓಂಕಾರಯ್ಯ, ಪಕ್ಕದಲ್ಲಿ ನನ್ನ ಮರದ ಹಲಗೆಯ ಮೇಲೆ ಜಯಶೀಲ ಸಾಹೇಬರು. ದೂರದಿಂದಲೇ ದೀಪ ಬಲಕ್ಕೆ ಮಿನುಗುತ್ತಿತ್ತು. ಇನ್ನೇನು ತಿರುಗಬೇಕು, ಅಷ್ಟರಲ್ಲಿ ಎಡಗಡೆಯದೂ ಹತ್ತಿಕೊಂಡಿತು. ಎರಡೂ ಕಡೆ, ಟಿಕ್, ಟಿಕ್. ಓಂಕಾರಯ್ಯ ಗಾಬರಿಯಾಗಿ ಬ್ರೇಕು ಒತ್ತಿದ. ಹಿಂದಿನ ಬಸ್ಸು ಹಾರನ್ ಹೊಡೆಯಿತು.

"ಏನ್ರೀ ಇದು, ಎಡನಾ ಬಲನಾ?" ಎಂದು ಸಾಹೇಬರು ಕಿಟಕಿಯಿಂದ ತಲೆ ಹಾಕಿದರು. "ಕಡಲೆಕಾಯಿ ಗಾಡಿಯೂ ಇಲ್ವಲ್ಲ!"

"ಎದುರಿಗೆ ಏನಿದೆ ನೋಡ್ರೋ!" ಎಂದು ಬಸ್ಸಿನಿಂದ ಯಾರೋ ಕೂಗಿದರು. ಸರ್ಕಲ್ಲಿನಲ್ಲಿದ್ದವರೆಲ್ಲ ತಿರುಗಿದರು. ಸಿಮೆಂಟಿನ ಕೊಡೆಯ ಕೆಳಗೆ, ಕಾರಿನ ಮೂಗಿನ ನೇರಕ್ಕೆ, ವೀಳ್ಯದೆಲೆಯ ಚೀಲ ಎದೆಗವಚಿಕೊಂಡು ನಮ್ಮಕ್ಕ ನಿಂತಿದ್ದಳು. ಸಂತೆಯಲ್ಲಿ ಕಾಲು ನಿಲ್ಲದೆ ಪರೀಕ್ಷೆ ನೋಡಲು ಬಂದುಬಿಟ್ಟಿದ್ದಳು. ಮುಗೀತು, ನನ್ನ ಜಾಣತನಕ್ಕೆ ಬೆಂಕಿ ಬಿತ್ತು ಎಂದುಕೊಂಡೆ. ಓಂಕಾರಯ್ಯ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಬಿಟ್ಟ.

ಆದರೆ ನಮ್ಮಕ್ಕ ಯಾರು? ಊರಿನ ಅರ್ಧ ಜನಕ್ಕೆ ದೀಪ ಓದುವುದನ್ನು ಕಲಿಸಿದವಳು. ಅವಳು ಕಾರಿನ ದೀಪ ನೋಡಿದಳು. ತಿರುಗಿ ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಯಾರೂ ಇಲ್ಲ. ಆಮೇಲೆ ನಾನು ವೈರು ಪರೀಕ್ಷಿಸುವ ಹಾಗೇ, ಮೆಲ್ಲಗೆ ಕಾರಿನ ಎಡಗಡೆಗೆ ಸರಿದಳು. ಬಲದ ದೀಪ ಆರಿತು, ಎಡದ್ದು ಉಳಿಯಿತು. ಮತ್ತೆ ನಡುವಿಗೆ ಬಂದಳು. ಎರಡೂ ಹತ್ತಿದವು. ಹಾರನ್ ಹೊಡೆಯುತ್ತಿದ್ದ ಬಸ್ಸಿನವನೂ ಕೈ ತೆಗೆದ. ಅಕ್ಕನ ಮುಖದ ಮೇಲೆ ಏನು ಹಾದುಹೋಯಿತೋ ನನಗೆ ಹೇಳಲು ಬರುವುದಿಲ್ಲ. ನಾನು ಅವಳ ಜೊತೆ ಹುಟ್ಟಿ ಬೆಳೆದವನು, ಅಂಥ ಮುಖ ನೋಡಿದ್ದು ಅದೇ ಮೊದಲು. ನನ್ನ ಕಣ್ಣು ಮಂಜಾಯಿತು, ಸುಳ್ಳೇಕೆ ಹೇಳಲಿ.

ಎಡಕ್ಕೆ ಹೋಗಿ ಮನೆ ಸೇರಿಕೊಳ್ಳಬಹುದಿತ್ತು. ಆಸ್ಪತ್ರೆ ರಸ್ತೆ ಹಿಡಿದು ಮಾಯವಾಗಬಹುದಿತ್ತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಚೀಲ ಭದ್ರವಾಗಿ ಹಿಡಿದುಕೊಂಡಳು, ಇಡೀ ಊರು ನೋಡುತ್ತಿರುವಾಗ ಬಲಕ್ಕೆ ನಡೆದಳು. ಅವಸರವಿಲ್ಲ, ನಾಚಿಕೆಯಿಲ್ಲ. ಅವಳ ಹೆಜ್ಜೆಯ ಜೊತೆಗೇ ಎಡದ ದೀಪ ಆರಿತು. ಬಲದ್ದು ಮಾತ್ರ ಟಿಕ್, ಟಿಕ್, ಟಿಕ್. ಸಂತೆ ಬೀದಿಯ ಬಾಯಲ್ಲಿ ನಿಂತು, ತಿರುಗಿ, ದಿನಾ ಪಾಠ ಹೇಳುವ ಅದೇ ದನಿಯಲ್ಲಿ ಕೂಗಿದಳು:

"ಏನ್ ನೋಡ್ತಾ ಕೂತಿದ್ದೀರಾ? ಕ್ಲಚ್ ಬಿಡ್ರಿ! ನಿಧಾನಕ್ಕೆ!"

ಬಸ್ಸಿನವರು ಹೋ ಎಂದರು. ಹೂವಿನವಳು ಒಂದು ಹಿಡಿ ಸೇವಂತಿಗೆ ಎಸೆದೇಬಿಟ್ಟಳು. ಓಂಕಾರಯ್ಯ ತಲೆ ಎತ್ತಿ, ಬಲಕ್ಕೆ ಕೈ ಚಾಚಿ, ಕ್ಲಚ್ಚು ಬಿಟ್ಟು, ಬೆಣ್ಣೆ ಸವರಿದ ಹಾಗೆ ತಿರುವು ತೆಗೆದುಕೊಂಡ. ಅಂಥ ಚೆಂದದ ಬಲ ತಿರುವನ್ನು ಕೊಡೆ ಸರ್ಕಲ್ಲು ಅದುವರೆಗೆ ಕಂಡಿರಲಿಲ್ಲ. ಜನ ಕಾರಿನಿಂದಿಳಿದ ಸಾಹೇಬರ ಸುತ್ತ ಮುತ್ತಿಕೊಂಡರು. ಇದನ್ನು ಪಾಸು ಎನ್ನಬಹುದೇ ಎಂದು ಯಾರೋ ತಕರಾರು ತೆಗೆದರು. ಸಾಹೇಬರು, "ಕೈ ಬಲ, ದೀಪ ಬಲ, ಗಾಡಿ ಬಲ. ರೂಲ್ಸು ಅಷ್ಟೇ. ದೀಪ ಯಾರಿಂದ ಹತ್ತಿತು ಅಂತ ಕೇಳೋಕೆ ನಾನೇನು ಅವರ ಮಾವನಾ?" ಎಂದು ಬೆವರು ಒರೆಸಿಕೊಂಡು ಮೊದಲೇ ಅಲ್ಲಿ ನಿಲ್ಲಿಸಿದ್ದ ತಮ್ಮ ಜೀಪು ಹತ್ತಿದರು. ಅವರ ಕೈ ಆಫೀಸಿನ ಕಡೆ ಹೋಯಿತು. ದೀಪ ನಿಪ್ಪಟ್ಟಿನ ಅಂಗಡಿಯ ಕಡೆ ಹತ್ತಿತು.

ಪಾಸಾದ ಮೇಲೆ ಓಂಕಾರಯ್ಯ ಕೇಳಬೇಕಾದ್ದನ್ನು ಕೇಳಿದನೇ ಎಂದರೆ, ಇಲ್ಲ. ಆ ಪುಣ್ಯಾತ್ಮ ಒಂದು ಬುಟ್ಟಿ ಬನ್ನು ತಂದು ನಮ್ಮ ಜಗಲಿಯ ಮೇಲಿಟ್ಟು, "ಮೇಡಂ, ಬಿಸಿ ಇದೆ" ಎಂದಷ್ಟೇ ಹೇಳಿ ಓಡಿಹೋದ. ಅಕ್ಕ ಬಾಗಿಲಲ್ಲೇ ನಿಂತು ಒಂದು ಬನ್ನು ಪೂರ್ತಿ ತಿಂದಳು.

ಮರುದಿನ ಓಂಕಾರಯ್ಯ ತಾನೇ ವ್ಯಾನು ತೆಗೆದು ಸಂತೆ ಬೀದಿಯ ಕಡೆ ಬನ್ನು ಹಂಚಲು ಹೊರಟ. ಅವನು ಹೋಗಿ ಸ್ವಲ್ಪ ಹೊತ್ತಿಗೆ ಅಕ್ಕ ಲೈಸೆನ್ಸ್ ಆಫೀಸಿನಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದಳು. ಅಡುಗೆಯ ಹೊತ್ತು, ಮನೆಗೆ ಎಡಕ್ಕೆ ತಿರುಗಬೇಕು. ಎಡಕ್ಕೆ ಕಡ್ಡಿ ಒತ್ತಿದಳು. ದೀಪ ಬಲಕ್ಕೆ ಹತ್ತಿತು. ಕಡಲೆಕಾಯಿಯವನು ಪೊಟ್ಟಣ ಕಟ್ಟುವುದನ್ನು ಬಿಟ್ಟು ನೋಡಿದ. ಅಕ್ಕ ಕಾರನ್ನು ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿ, ನನ್ನ ಮುಖ ನೋಡದೆ, "ಲೋ ಮರುಳ, ರಿಲೇ ಹೋಗಿರ್ಬೇಕು ನೋಡೋ" ಎಂದಳು.

ನಾನು ಟೆಸ್ಟರು ತಂದೆ. ಬಾನೆಟ್ಟು ಎತ್ತಿದೆ. ಫ್ಯೂಸು ಮುಟ್ಟಿದೆ, ರಿಲೇಗೆ ಕಿವಿ ಕೊಟ್ಟೆ, ಬಲ್ಬು ನೋಡಿದೆ. ಮೊದಲು ವೈರು, ಆಮೇಲೆ ಮನಸ್ಸು, ನನ್ನ ಹಟ ನಾನು ಬಿಡುವವನಲ್ಲ. ಎಲ್ಲ ನೋಡಿ ಬಾನೆಟ್ಟು ಮುಚ್ಚಿ ಹೇಳಿದೆ, "ವೈರೆಲ್ಲ ಸರಿಯಾಗಿದೆ ಕಣಕ್ಕ. ಬನ್ನಿನ ವ್ಯಾನು ಆ ಕಡೆ ಹೋಗಿ ಇನ್ನೂ ಹತ್ತು ನಿಮಿಷ ಆಗಿಲ್ಲ."

"ಬಾಯಿ ಮುಚ್ಚೋ, ಕೋತಿ" ಎಂದಳು ಅಕ್ಕ. ಆಮೇಲೆ ಕಡ್ಡಿಯನ್ನು ಎಡದಿಂದ ಬಲಕ್ಕೆ ತಳ್ಳಿ, ಕಿಟಕಿಯಿಂದ ಕೈ ಚಾಚಿ, ಸಂತೆ ಬೀದಿಗೆ ತಿರುಗಿಸಿಕೊಂಡು ಹೊರಟೇಹೋದಳು. ಕೈ ಬಲ, ದೀಪ ಬಲ, ಗಾಡಿ ಬಲ.

ಅವತ್ತು ಸಾರು ನಾನೇ ಮಾಡಿಕೊಂಡೆ. ಉಪ್ಪು ಹೆಚ್ಚಾಗಿತ್ತು, ಆದರೂ ಎರಡು ಸಲ ಬಡಿಸಿಕೊಂಡು ಉಂಡೆ.